ಅತ್ತೆಯವರ ನಡಿಗೆಗೊಂದು ಟೈಮರ್

ಸೆಪ್ಟೆಂಬರ್ ೪, ಸೋಮವಾರ

ಬೆಳಗ್ಗೆ ಹಲ್ಲುಜ್ಜಲು ಹೋದರೆ ಬಚ್ಚಲಿನ ಬಾಗಿಲು ಹಾಕಿತ್ತು. ಒಳಗಿನಿಂದ ಅತ್ತೆಯವರ ಧ್ವನಿ: "ಈ ಮನೆ ಬೀಳೋದಾದ್ರೆ ನನ್ನ ಕೇಳಿ ಬೀಳಲಿ." ಅದನ್ನೇ ಮತ್ತೆ ಮತ್ತೆ, ಒಂದೊಂದು ಸಲ ಒಂದೊಂದು ರಾಗದಲ್ಲಿ. ನಾನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ನಿಂತಿದ್ದೆ. ಕೆಲಸಕ್ಕೆ ಹೋಗುವವಳು ಹೆಂಡತಿ, ಆದ್ದರಿಂದ ಮೊದಲು ಅವಳು. ನಾಟಕವಿರುವವರು ಅತ್ತೆ, ಆದ್ದರಿಂದ ಆಮೇಲೆ ಅವರು. ಕಾರ್ಖಾನೆ ಮುಚ್ಚಿಸಿಕೊಂಡು ಮನೆಯಲ್ಲಿ ಕೂತಿರುವ ಅಳಿಯನಿಗೆ ನೀರು ತಣ್ಣಗಾದ ಮೇಲೆ ಸರದಿ.

ಗಾಜಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಂಟ್ರೋಲ್ ಪ್ಯಾನೆಲ್‌ಗಳನ್ನು ನೋಡಿಕೊಂಡವನು ನಾನು. ಪಾಳಿ ಮುಗಿಯುವಾಗ ಏನು ಕೆಟ್ಟಿತು, ಏನು ರಿಪೇರಿಯಾಯಿತು ಎಂದು ಬರೆದಿಡುವ ಚಟ ಬಿಟ್ಟಿಲ್ಲ. ಈಗ ಮಷೀನುಗಳಿಲ್ಲ. ಕೆಟ್ಟಿರುವ ಮನುಷ್ಯರಿಗಂತೂ ಬರವಿಲ್ಲ.

ಸಂಜೆ ಭಾಮೈದ ಬಂದ. ಮುಚ್ಚಿಹೋದ ಕೋಲ್ಡ್ ಸ್ಟೋರೇಜ್ ಒಂದನ್ನು ಬಾಡಿಗೆಗೆ ಹಿಡಿದು ನಾಟಕಮಂದಿರ ಮಾಡಿಕೊಂಡಿದ್ದಾನೆ. ನಾಟಕ ಬರೆಯುವವನು ಅವನೇ, ಆಡಿಸುವವನು ಅವನೇ, ಲೈಟು ಬಿಡುವವನೂ ಅವನೇ. ನೋಡುವವರನ್ನು ಮಾತ್ರ ಹೊರಗಿನಿಂದ ಕರೆಸಬೇಕಾಗಿ ಬಂದಿರುವುದು ಅವನಿಗೆ ದೊಡ್ಡ ಬೇಸರ. ಈ ಸಲದ ನಾಟಕದಲ್ಲಿ ಅವನ ತಾಯಿ, ಅಂದರೆ ನಮ್ಮ ಅತ್ತೆಯವರು, ಬೀಳಲಿಕ್ಕಾದ ಮನೆಯೊಂದರಲ್ಲಿ ಒಬ್ಬಳೇ ಉಳಿದ ಮುದುಕಿ. ಕೊನೆಯ ದೃಶ್ಯದಲ್ಲಿ ಆಕೆ ನೀರು ಕುಡಿದು ಲೋಟವನ್ನು ಮೇಜಿನ ಮೇಲಿಡುತ್ತಾಳೆ, ಎದ್ದು ಕಿಟಕಿಯ ಹತ್ತಿರ ಹೋಗುತ್ತಾಳೆ, ಕಿಟಕಿ ತೆಗೆಯುತ್ತಾಳೆ. ಆಗ ಹಿಂದೆ, ಅಷ್ಟು ಹೊತ್ತು ಕೂತಿದ್ದ ಕುರ್ಚಿಯ ಮೇಲೆ, ಛಾವಣಿಯ ತೊಲೆ ಬಂದು ಬೀಳಬೇಕು. ಇಷ್ಟಕ್ಕೆ ಒಂದೂವರೆ ಗಂಟೆ ಜನರನ್ನು ಕೂರಿಸುತ್ತಾರೆ.

ತೊಲೆ ಬೀಳಿಸಲು ಕೈ ಸಾಲದಂತೆ. ಆ ಹೊತ್ತಿಗೆ ಇವನು ಲೈಟಿನ ಹಿಂದೆ, ಇನ್ನೊಬ್ಬ ಶಬ್ದದ ಹಿಂದೆ. ತಾನಾಗಿಯೇ ಬೀಳುವ ಹಾಗೆ ಏನಾದರೂ ಮಾಡಬೇಕು.

"ಭಾವ, ನಿಮಗೆ ಹೇಗೂ ಬಿಡುವಿದೆಯಲ್ಲ" ಎಂದ.

ಆ "ಹೇಗೂ" ಎಂಬ ಮಾತನ್ನು ಅನ್ನದ ಜೊತೆ ಕಲಸಿಕೊಂಡು ನುಂಗಿದೆ. ಇವಳು, ನನ್ನ ಹೆಂಡತಿ, ತಲೆ ಎತ್ತದೆ ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಒಪ್ಪಿಕೋ ಎಂದು ಅದರ ಅರ್ಥ. ಒಪ್ಪಿಕೊಂಡೆ.

ಸೆಪ್ಟೆಂಬರ್ ೭, ಗುರುವಾರ

ನಾಟಕಮಂದಿರ ನೋಡಿ ಬಂದೆ. ಗೋಡೆಗಳಿಗೆ ಇನ್ನೂ ಹಳೆಯ ಹಣ್ಣಿನ ವಾಸನೆ. ತೊಲೆ ಎಂದರೆ ಕಬ್ಬಿಣದ ಪೈಪಿಗೆ ಪ್ಲೈವುಡ್ ಹೊದಿಸಿ ಬಣ್ಣ ಬಳಿದದ್ದು. ನೋಡಲು ಹಗುರ, ಆದರೆ ಹೆಗಲ ಮೇಲೆ ಬಿದ್ದರೆ ಎಲುಬು ಉಳಿಯುವುದಿಲ್ಲ. ಒಂದು ಕೊಕ್ಕೆಗೆ ತೂಗುಹಾಕಿ, ಕೊಕ್ಕೆಗೊಂದು ಪಿನ್ನು ಕೊಟ್ಟಿದ್ದಾರೆ. ಪಿನ್ನು ಎಳೆಯಲು ಭಾಮೈದ ಸೊಲೆನಾಯ್ಡ್ ತಂದಿದ್ದಾನೆ. ಅದೇನೆಂದು ಅವನಿಗೇ ಗೊತ್ತಿಲ್ಲ. ತಂತಿ ಸುತ್ತಿದ ಸುರುಳಿಯಪ್ಪಾ, ಕರೆಂಟು ಹರಿದರೆ ನಡುವಿನ ಕಬ್ಬಿಣದ ಕಡ್ಡಿಯನ್ನು ಒಳಕ್ಕೆಳೆದುಕೊಳ್ಳುತ್ತದೆ ಎಂದು ಹೇಳಿಕೊಟ್ಟೆ. "ಓ, ಪ್ರೀತಿ ಇದ್ದ ಹಾಗೆ" ಎಂದ. ಇಂಥವರ ಜೊತೆ ನಾನು ಕೆಲಸ ಮಾಡಬೇಕು.

ಲೋಟವಿಟ್ಟ ಮೇಲೆ ಸ್ವಲ್ಪ ಹೊತ್ತು ಕಾದು ಸೊಲೆನಾಯ್ಡಿಗೆ ಕರೆಂಟು ಬಿಡುವುದಕ್ಕೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಟೈಮರ್ ಸರ್ಕ್ಯೂಟ್ ಕೂಡ ತಂದಿದ್ದ. ಬರಿಯ ಬೋರ್ಡು, ಮೇಲೆ ಡಬ್ಬಿಯಿಲ್ಲ, ಆ ಸುರುಳಿ, ಅಂದರೆ ಕಾಯಿಲ್, ವಾಪಸ್ ಒದೆಯುವ ಕರೆಂಟನ್ನು ತಡೆಯಲು ಒಂದು ಡಯೋಡ್ ಸಹ ಇಲ್ಲ. ಪಕ್ಕದಲ್ಲೇ ದೀಪಗಳ ಡಿಮ್ಮರ್, ಹೊಗೆ ಬಿಡುವ ಯಂತ್ರ. ಇದು ಇಲ್ಲಿ ನಿಲ್ಲುವುದಿಲ್ಲ, ಯಾವ ಸ್ವಿಚ್ ಒತ್ತಿದರೂ ತನ್ನನ್ನೇ ಕರೆದರು ಎಂದುಕೊಳ್ಳುತ್ತದೆ ಎಂದೆ. ಇಂಟರ್ನೆಟ್ಟಿನಲ್ಲಿ ಎಲ್ಲರೂ ಹೊಗಳಿದ್ದಾರೆ ಭಾವ ಎಂದ. ಸರಿ, ಹೊಗೆ ಬಿಡು ನೋಡೋಣ ಎಂದೆ. ಹೊಗೆಯ ಯಂತ್ರ ಗುರ್ ಎಂದದ್ದೇ ತಡ, ಯಾರೂ ಲೋಟ ಮುಟ್ಟದಿದ್ದರೂ ತೊಲೆ ಧಡಾರನೆ ಬಂದು ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ್ದ ಅವನ ಟೋಪಿಯನ್ನು ಅಪ್ಪಚ್ಚಿ ಮಾಡಿತು.

ಟೋಪಿಯೊಳಗೆ ಅವನ ತಲೆ ಇರಲಿಲ್ಲ. ಇದ್ದಿದ್ದರೂ ನಾಟಕಕ್ಕೆ ದೊಡ್ಡ ವ್ಯತ್ಯಾಸವಾಗುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದ ಈ ಮೂರು ತಿಂಗಳಲ್ಲಿ ಇಷ್ಟು ಚೆನ್ನಾಗಿ ನಿದ್ದೆ ಬರುವ ಸೂಚನೆ ಇವತ್ತೇ.

ಸೆಪ್ಟೆಂಬರ್ ೧೨, ಮಂಗಳವಾರ

ಬೆಳಗ್ಗೆ ತಂಪು ಪಾನೀಯದ ಕಾರ್ಖಾನೆಯಲ್ಲಿ ಸಂದರ್ಶನ. ನನ್ನ ಮಗಳಿದ್ದಿದ್ದರೆ ಅವಳ ವಯಸ್ಸಿನ ಇಂಜಿನಿಯರಮ್ಮ ಒಬ್ಬಳು, ನೀವು ಐದು ವರ್ಷದ ಮೇಲೆ ನಿಮ್ಮನ್ನು ಎಲ್ಲಿ ಕಾಣುತ್ತೀರಿ ಎಂದು ಕೇಳಿದಳು. ಕನ್ನಡಿಯಲ್ಲಿ ಎಂದೆ. ಬರೆದುಕೊಂಡಳು.

ಅಲ್ಲಿಂದ ಸೀದಾ ಎಲೆಕ್ಟ್ರಿಕಲ್ ಸಾಮಾನಿನ ಬೀದಿಗೆ. ಹೊತ್ತು ಎಣಿಸಿ ಕರೆಂಟು ಬಿಡುವ ಸ್ವಿಚ್ಚು, ಟೈಮರ್ ರಿಲೇ ಬೇಕು ಎಂದರೆ ಅಂಗಡಿಯವನು ಮೊದಲು ಕೊಟ್ಟದ್ದು ಕರೆಂಟು ಹೋದ ಮೇಲೆ ಎಣಿಸುವಂಥದ್ದು. ಕಕ್ಕಸಿನ ಫ್ಯಾನಿಗೆ ಹಾಕುತ್ತಾರಲ್ಲ, ಅದು. ನನಗೆ ಬೇಕಾದದ್ದು ಕರೆಂಟು ಬಂದ ಮೇಲೆ ಎಣಿಸಿ, ಹೊತ್ತು ತುಂಬಿದ ಮೇಲೆ ಸ್ವಿಚ್ಚಿನ ಬಾಯಿ ಮುಚ್ಚಿ ಕರೆಂಟು ಹರಿಸುವಂಥದ್ದು. ಅದಲ್ಲ ಎಂದ ಮೇಲೆ ಗಾಳಿಯ ತಿದಿಯಿಂದ ನಡೆಯುವ ಹಳೆಯ ಕಾಲದ್ದು ತೋರಿಸಿದ. ಹವೆ ಬದಲಾದರೆ ಅದರ ಲೆಕ್ಕವೂ ಬದಲಾಗುತ್ತದೆ. ಆಮೇಲೆ ಹತ್ತು ಥರದ ಕೆಲಸ ಮಾಡುವ, ಎರಡು ತಿರುಪು ಹೆಚ್ಚುಕಮ್ಮಿಯಾದರೆ ಹನ್ನೊಂದನೆಯದನ್ನೂ ಮಾಡುವ ಹೊಸದೊಂದು. ಕೊನೆಗೆ ಕೆಳಗಿನ ಖಾನೆಯಿಂದ, ಧೂಳು ಹಿಡಿದ ಪೆಟ್ಟಿಗೆಯಲ್ಲಿ, ಮುಂದೆ ಒಂದೇ ಒಂದು ಡಯಲ್ ಇರುವ ಸಾದಾ ರಿಲೇ ಸಿಕ್ಕಿತು. ನಮ್ಮ ಕುಲುಮೆಗಳ ಮೇಲೆ ಇಂಥವು ವರ್ಷಗಟ್ಟಲೆ ಕುದಿಯುವ ಶಾಖದಲ್ಲಿ ನಿಂತಿದ್ದವು. ಹೊಗೆಯ ಯಂತ್ರಕ್ಕೆಲ್ಲ ಹೆದರುವ ಜಾತಿಯಲ್ಲ. ಕಾಯಿಲಿಗೆ ಅಡ್ಡಲಾಗಿ ಹಾಕಲು ಡಯೋಡನ್ನೂ ತಂದೆ.

ಸಂದರ್ಶನ ಹೇಗಾಯಿತು ಎಂದು ಇವಳು ಕೇಳಿದಳು. ರಿಲೇ ಸಿಕ್ಕಿತು ಎಂದೆ. ಇವಳು ಬಾಗಿಲು ಹಾಕಿಕೊಂಡ ಶಬ್ದ ಜೋರಾಗಿತ್ತು.

ಸೆಪ್ಟೆಂಬರ್ ೧೫, ಶುಕ್ರವಾರ

ಮೇಜಿನ ಬಟ್ಟೆಯ ಕೆಳಗೆ ಸ್ವಿಚ್ ಕೂರಿಸಿದೆ. ಲೋಟವಿಟ್ಟರೆ ರಿಲೇ ಎಣಿಸಲು ಶುರುಮಾಡುತ್ತದೆ. ಎಷ್ಟಕ್ಕೆ ಇಡಬೇಕು ಎಂದು ತಿಳಿಯಲು ಅತ್ತೆಯವರನ್ನು ನಡೆಸಿ ನೋಡಬೇಕಾಯಿತು. ಇಡೀ ಮಧ್ಯಾಹ್ನ ಹೋಯಿತು. ಒಂದು ಸಲ ಲೋಟವಿಟ್ಟು ಸರಕ್ಕನೆ ಹೋದರು. ಇನ್ನೊಂದು ಸಲ ಕುರ್ಚಿಯ ಬೆನ್ನು ಸವರುತ್ತ ನಿಂತರು. ಮತ್ತೊಂದು ಸಲ ಹೊರಟವರು ತಿರುಗಿ ಬಂದು ಲೋಟವನ್ನು ನೋಡಿದರು, ಅದರೊಳಗೇನೋ ಮರೆತವರ ಹಾಗೆ.

"ಅತ್ತೆ, ದಿನಾ ಒಂದೇ ಥರ ನಡೀಬೇಕು. ಮಧ್ಯೆ ನಿಲ್ಲೋ ಹಾಗಿಲ್ಲ" ಎಂದೆ.

"ದಿನಾ ಒಂದೇ ಥರ ನಡೆಯೋದು ಗಡಿಯಾರ, ಅಳಿಯಂದ್ರೆ. ಒಂದು ಮನೆ ಬಿಟ್ಟು ಹೋಗೋಕೆ ಅವತ್ತು ಎಷ್ಟು ಹೊತ್ತು ಬೇಕು ಅನ್ಸುತ್ತೋ ಅಷ್ಟು ಹೊತ್ತು ನಾನು ತಗೋತೀನಿ."

"ಅದು ಮನೆಯಲ್ಲ. ಪ್ಲೈವುಡ್ಡು."

"ಹೌದಾ? ಪಾಪ, ಅದನ್ನ ಅದಕ್ಕೆ ಹೇಳ್ಬೇಡಿ" ಎಂದು ನಕ್ಕರು. ಭಾಮೈದನೂ ನಕ್ಕ. ಕಸ ಗುಡಿಸುವವಳೂ ನಕ್ಕಳು.

ನಮ್ಮ ಕಾರ್ಖಾನೆಯಲ್ಲಿ ಬಾಟಲಿಗಳು ಬೆಲ್ಟಿನ ಮೇಲೆ ಬರುತ್ತಿದ್ದವು. ನನಗೆ ಇವತ್ತು ಮೂಡ್ ಇಲ್ಲ ಎಂದು ಯಾವ ಬಾಟಲಿಯೂ ನಡುದಾರಿಯಲ್ಲಿ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ತಡವಾದ ನಡಿಗೆಯನ್ನು ಹಿಡಿದು, ಅದರ ಮೇಲೆ ಇನ್ನಷ್ಟು ಸೇರಿಸಿ ಡಯಲ್ ತಿರುಗಿಸಿದೆ. ಇದಕ್ಕಿಂತ ನಿಧಾನವಾಗಿ ನಡೆಯಬೇಕೆಂದರೆ ಮನುಷ್ಯ ಬೇರು ಬಿಡಬೇಕು.

ಸೆಪ್ಟೆಂಬರ್ ೧೬, ಶನಿವಾರ

ರಿಲೇ ಸರಿಯಾಗಿಯೇ ಕೆಲಸ ಮಾಡಿತು. ಇದನ್ನು ಮೊದಲು ಬರೆದಿಡುತ್ತೇನೆ.

ಪೂರ್ತಿ ತಾಲೀಮು, ದೀಪ, ಹೊಗೆ ಎಲ್ಲ ಸೇರಿ. ಅತ್ತೆಯವರು ಲೋಟವಿಟ್ಟರು, ಎದ್ದರು, ಎರಡು ಹೆಜ್ಜೆ ಇಟ್ಟು ನಿಂತರು. ನಿಂತೇ ಇದ್ದರು. ನಾನು ಪಕ್ಕದ ಪರದೆಯ ಹಿಂದೆ ಇದ್ದೆ. ಹೋಗಿ ಅಂದೆ, ಅಥವಾ ಅನ್ನಬೇಕೆಂದುಕೊಂಡೆ. ತೊಲೆ ಬಿತ್ತು. ಹೊದ್ದಿದ್ದ ಶಾಲಿನ ತುದಿ ಅದರಡಿಗೆ ಸಿಕ್ಕಿಕೊಂಡಿತು. ಅಷ್ಟೇ ಅಂತರ.

ಅವರು ಶಾಲನ್ನು ಎಳೆದರು. ಬರಲಿಲ್ಲ. ಬಿಟ್ಟುಬಿಟ್ಟು ಕಿಟಕಿಯವರೆಗೆ ಹೋಗಿ, ಅದನ್ನು ತೆಗೆದು, ತಮ್ಮ ಕೊನೆಯ ಮಾತನ್ನು ಹೇಳಿ ಮುಗಿಸಿದರು. ಧ್ವನಿ ಒಂದಿಷ್ಟೂ ನಡುಗಲಿಲ್ಲ. ಆಮೇಲೆ ಬಣ್ಣದ ಕೋಣೆಯಲ್ಲಿ ನೀರಿನ ಲೋಟ ಹಿಡಿಯಲು ಆಗದೆ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿ ಬಂದೆ.

ನಿಲ್ಲಬೇಡಿ ಎಂದು ಹೇಳಿದ್ದೆ. ಎಲ್ಲರೂ ಕೇಳಿಸಿಕೊಂಡಿದ್ದಾರೆ.

ಸೆಪ್ಟೆಂಬರ್ ೧೭, ಭಾನುವಾರ

ತಟ್ಟೆ ಮುಂದಿಟ್ಟು ಇವಳು ಅತ್ತೆಯವರ ಕೋಣೆಗೆ ಹೋಗಿಬಿಟ್ಟಳು. ಊಟ ಸೇರಲಿಲ್ಲ. ತಪ್ಪು ರಿಲೇಯದ್ದಲ್ಲ.

ಸೆಪ್ಟೆಂಬರ್ ೧೯, ಮಂಗಳವಾರ

ಬಾಲ್ಕನಿಯಲ್ಲಿ ರಿಲೇಯನ್ನು ಬಿಚ್ಚಿಕೊಂಡು ಕೂತಿದ್ದೆ. ಅದರಲ್ಲಿ ದೋಷವಿಲ್ಲ ಎಂದು ಗೊತ್ತಿತ್ತು, ಆದರೂ ಬಿಚ್ಚಿದ್ದೆ. ಅತ್ತೆಯವರು ಬಂದರು. ಪಕ್ಕದಲ್ಲೇ ಬೆತ್ತದ ಕುರ್ಚಿಯಿದ್ದರೂ ಅಡುಗೆಮನೆಯಿಂದ ಎತ್ತರದ ಸ್ಟೂಲನ್ನು ಎಳೆದುಕೊಂಡು ಬಂದು ಅದರ ಅಂಚಿಗೆ ಒರಗಿದರು. ಮಹಾರಾಣಿಗೆ ಬೆತ್ತದ ಕುರ್ಚಿ ಸಾಲದು ಎಂದುಕೊಂಡೆ.

"ಅವತ್ತು ನಾನು ನಟನೆಗೆ ಅಂತ ನಿಲ್ಲಲಿಲ್ಲ" ಎಂದರು. "ಎಡಗಾಲು ಬರ್ಲಿಲ್ಲ."

ಆರೇಳು ತಿಂಗಳಿಂದ ಹೀಗಂತೆ. ನಡೆಯುತ್ತ ನಡೆಯುತ್ತ ಸೊಂಟದ ಹತ್ತಿರ ಏನೋ ಕಚ್ಚಿಕೊಳ್ಳುತ್ತದೆ, ಕಾಲು ಮುಂದಕ್ಕೆ ಬರುವುದಿಲ್ಲ. ಸ್ವಲ್ಪ ಹೊತ್ತು ನಿಂತರೆ ಬಿಡುತ್ತದೆ. ತಗ್ಗಿನ ಕುರ್ಚಿಯಲ್ಲಿ ಕೂತರೆ ಏಳುವುದು ಕಷ್ಟ. ಇಷ್ಟು ದಿನ ಕುರ್ಚಿ ಸವರುವುದು, ಲೋಟ ನೋಡುವುದು ಎಲ್ಲ ಅದನ್ನು ಮುಚ್ಚಿಡಲು ಹೂಡಿದ ಆಟ. ಮಗನಿಗೆ ತಿಳಿದರೆ ನಾಟಕ ನಿಲ್ಲಿಸುತ್ತಾನೆ, ಮಗಳಿಗೆ ತಿಳಿದರೆ ಮನೆಯಲ್ಲಿ ಕೂರಿಸುತ್ತಾಳೆ.

"ನಿಮಗೆ ಯಾಕೆ ಹೇಳ್ತಿದೀನಿ ಅಂದ್ರೆ, ನೀವು ನನ್ನ ಮೇಲೆ ಕನಿಕರ ಪಡೋ ಪೈಕಿ ಅಲ್ಲ."

ನಿಜ. ಕನಿಕರವೇನೂ ಇಲ್ಲ. ಮೈಯೆಲ್ಲ ಉರಿಯಿತು. ಎರಡು ಮಹಡಿ ಹತ್ತಿ ಇಳಿಯುವ ಮನೆಯಲ್ಲಿ ಆರೇಳು ತಿಂಗಳು ಹಲ್ಲು ಕಚ್ಚಿಕೊಂಡು ನಾಟಕವಾಡಿದ ಹೆಂಗಸು, ತಲೆಯ ಮೇಲೆ ತೊಲೆ ಬೀಳುವವರೆಗೂ ಬಾಯಿ ಬಿಡಲಿಲ್ಲ. ಮೂರ್ಖತನಕ್ಕೂ ಒಂದು ಮಿತಿ ಬೇಡವೇ.

"ಡಾಕ್ಟರ ಹತ್ರ ಬಂದ್ರೆ ವೈರ್ ಜೋಡಿಸ್ತೀನಿ. ಇಲ್ಲಾಂದ್ರೆ ಕತ್ತರಿಸಿ ಹಾಕ್ತೀನಿ, ತೊಲೆ ಮೇಲೇ ಇರ್ಲಿ" ಎಂದೆ.

ಅವರು ಸ್ಟೂಲು ಹಿಡಿದುಕೊಂಡು ನೆಟ್ಟಗಾದರು. "ಮದುವೆ ಆದಾಗಿಂದ ನೀವು ನನ್ನ ಹತ್ರ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು" ಎಂದರು.

ಸೆಪ್ಟೆಂಬರ್ ೨೨, ಶುಕ್ರವಾರ

ವೈರು ತರಲು ಹೋಗುತ್ತೇವೆ ಎಂದು ಮನೆಯಲ್ಲಿ ಹೇಳಿ ಹೊರಟೆವು. ವೈರು ತರಲು ಅತ್ತೆ ಯಾಕೆ ಎಂದು ಇವಳು ಕೇಳಲಿಲ್ಲ. ಇಬ್ಬರನ್ನೂ ಒಮ್ಮೆ ನೋಡಿ ಕೆಲಸಕ್ಕೆ ಹೋದಳು.

ಡಾಕ್ಟರು ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದರು. ಸೊಂಟದ ಕೀಲು ಸವೆದಿದೆ, ಎಲುಬಿಗೆ ಎಲುಬು ತಾಗುತ್ತಿದೆ, ಬದಲಿಸಬೇಕು, ಬೇಗ ಬದಲಿಸಿದರೆ ಒಳ್ಳೆಯದು ಎಂದರು. ಬೇರಿಂಗ್ ಹೋಗಿದೆ ಎಂದು ನೇರವಾಗಿ ಹೇಳಿದ್ದರೆ ನನಗೆ ಎರಡು ನಿಮಿಷ ಮೊದಲೇ ತಿಳಿಯುತ್ತಿತ್ತು. ಅತ್ತೆಯವರು, ನಾಟಕ ಮುಗಿದ ವಾರವೇ ಬರುತ್ತೇನೆ ಎಂದರು. ಅಲ್ಲಿಯವರೆಗೆ ಕೋಲು ಹಿಡಿಯಿರಿ ಎಂದರು ಡಾಕ್ಟರು. ಪಾತ್ರಕ್ಕೆ ಕೋಲಿಲ್ಲ ಎಂದರು ಇವರು. ಇಬ್ಬರೂ ನನ್ನ ಮುಖ ನೋಡಿದರು. ತೀರ್ಪು ಕೊಡಲು ನಾನ್ಯಾರು? ರಂಗದ ಮೇಲೆ ಬೇಡ, ಉಳಿದಂತೆ ಎಲ್ಲ ಕಡೆ ಹಿಡಿಯಲಿ ಎಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಬಿಡದ ಒಬ್ಬನಿಗೆ ನಾನು ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ. ಎದ್ದ.

ಸೆಪ್ಟೆಂಬರ್ ೨೫, ಸೋಮವಾರ

ಟೈಮರನ್ನು ಬದಲಿಸುವುದಿಲ್ಲ. ಇನ್ನೂ ದೊಡ್ಡ ಡಯಲ್ ಇರುವುದನ್ನು ತಾ ಎನ್ನುವ ಭಾಮೈದನ ಸಲಹೆ ಅವನ ಟೋಪಿಯಷ್ಟೇ ಉಪಯುಕ್ತ. ಎಷ್ಟು ಹೊತ್ತು ಇಟ್ಟರೂ ಕಾಲು ಅದಕ್ಕಿಂತ ಒಂದು ಗಳಿಗೆ ಹೆಚ್ಚು ಹಿಡಿದುಕೊಂಡರೆ ಮುಗಿಯಿತು. ರಿಲೇಗೆ ಕಣ್ಣಿಲ್ಲ. ಅದಕ್ಕೆ ಗೊತ್ತಿರುವುದು ಯಾವಾಗ ಶುರು ಎನ್ನುವುದೊಂದೇ.

ಹಾಗಾಗಿ ಶುರುವನ್ನೇ ಜಾಗ ಬದಲಿಸಿದೆ. ಮೇಜಿನ ಸ್ವಿಚ್ ಕಿತ್ತೆ. ಕಿಟಕಿಯ ಮುಂದೆ, ನೆಲಕ್ಕೆ ಹಾಸಿದ ಕಂಬಳಿಯ ಕೆಳಗೆ, ಕಾಲಿಟ್ಟರೆ ಒತ್ತಿಕೊಳ್ಳುವ ಮ್ಯಾಟ್ ಹಾಸಿದೆ. ಅತ್ತೆಯವರು ತೊಲೆಯಿಂದ ದೂರ ಬಂದು ಅದರ ಮೇಲೆ ನಿಂತ ಮೇಲೆಯೇ ಎಣಿಕೆ ಶುರು. ಕಿಟಕಿ ತೆಗೆಯುವಷ್ಟು ಹೊತ್ತು, ಆಮೇಲೆ ತೊಲೆ. ನಡುವೆ ಮ್ಯಾಟಿನಿಂದ ಹಿಂದೆ ಸರಿದರೆ ಕರೆಂಟು ಕಡಿದು ರಿಲೇ ಎಲ್ಲವನ್ನೂ ಮರೆತು ಮೊದಲಿನಿಂದ ಕಾಯುತ್ತದೆ. ಈ ಜಾತಿಯ ರಿಲೇಗೆ ಆ ಗುಣ ಹುಟ್ಟಿನಿಂದಲೇ ಇದೆ.

ಸಂಜೆಯವರೆಗೆ ಮರಳಿನ ಮೂಟೆ ಎತ್ತಿಟ್ಟು ಎತ್ತಿಟ್ಟು ನೋಡಿದೆ. ಮೂಟೆ ನಾನು ಹೇಳಿದ ಹಾಗೆ ಕೇಳಿತು, ಹಾಡಲಿಲ್ಲ, ಯಾವ ಗುಟ್ಟನ್ನೂ ಮುಚ್ಚಿಡಲಿಲ್ಲ. ಆಮೇಲೆ ತೊಲೆಯ ಕೆಳಗೆ ನಾನೇ ಹೋಗಿ ಕುರ್ಚಿಯಲ್ಲಿ ಕೂತೆ. ಹೊಗೆ ಬಿಡು, ದೀಪ ಕುಣಿಸು, ಇರುವ ಸ್ವಿಚ್ಚನ್ನೆಲ್ಲ ಒತ್ತು ಎಂದೆ. ಭಾಮೈದ ಒಂದು ಕಣ್ಣು ಮುಚ್ಚಿಕೊಂಡು ಒತ್ತಿದ. ತೊಲೆ ಅಲುಗಲಿಲ್ಲ.

"ಎಷ್ಟು ಹೊತ್ತು ಬೇಕಾದ್ರೂ ನಿಲ್ಲಿ" ಎಂದು ಅತ್ತೆಯವರಿಗೆ ಹೇಳಿದೆ. "ಅದು ಕಾಯುತ್ತೆ."

ಸೆಪ್ಟೆಂಬರ್ ೨೯, ಶುಕ್ರವಾರ

ಮೊದಲ ಪ್ರದರ್ಶನ. ಜನ ಕೆಮ್ಮಿದರು, ಪೊಟ್ಟಣ ಬಿಡಿಸಿದರು, ಒಬ್ಬನ ಫೋನು ಎರಡು ಸಲ ಹಾಡಿತು. ನಾನು ಕಿಟಕಿಯ ಚೌಕಟ್ಟಿನ ಹಿಂದೆ, ಪ್ಯಾನೆಲ್ ಪಕ್ಕದಲ್ಲಿ.

ಕೊನೆಯಲ್ಲಿ ಅತ್ತೆಯವರು ಎದ್ದರು. ಮೇಜು ದಾಟಿದ್ದೇ ಕಾಲು ಹಿಡಿದುಕೊಂಡಿತು. ನನಗೆ ಕಾಣುತ್ತಿತ್ತು, ಎಡಗೈ ಶಾಲಿನೊಳಗೆ ಸೊಂಟವನ್ನು ಅದುಮುತ್ತಿತ್ತು. ಮುಖ ಮಾತ್ರ ಬೇರೆ ಎಲ್ಲೋ ಇತ್ತು. ಗೋಡೆಗಳನ್ನು ಒಂದೊಂದಾಗಿ ನೋಡುತ್ತಿತ್ತು, ಒಂದೊಂದರಿಂದಲೂ ಏನೋ ಕೇಳಿಸಿಕೊಳ್ಳುವ ಹಾಗೆ. ಕೆಮ್ಮು ನಿಂತಿತು. ಇಡೀ ಕೋಲ್ಡ್ ಸ್ಟೋರೇಜ್ ಉಸಿರು ಹಿಡಿಯಿತು. ಆಮೇಲೆ ಅವರು ಬಂದರು, ಮ್ಯಾಟ್ ಮೇಲೆ ನಿಂತರು, ಕಿಟಕಿ ತೆಗೆದರು. ರಿಲೇ ಟಕ್ ಎಂದದ್ದು ನನಗೊಬ್ಬನಿಗೇ ಕೇಳಿಸಿತು. ತೊಲೆ ಬಿತ್ತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಪ್ಲೈವುಡ್ಡು ಬಿದ್ದದ್ದಕ್ಕೆ. ನನ್ನ ಕಣ್ಣಿಗೂ ಆ ಹಾಳು ಹೊಗೆ ಹೋಗಿತ್ತು.

ಅಕ್ಟೋಬರ್ ೩, ಮಂಗಳವಾರ

ತಂಪು ಪಾನೀಯದ ಕಾರ್ಖಾನೆಯಿಂದ ಫೋನು. ಆಯ್ಕೆಯಾಗಿದೆಯಂತೆ, ಶುಕ್ರವಾರವೇ ಸೇರಬೇಕಂತೆ, ಸಂಜೆಯ ಪಾಳಿ. ಇನ್ನೆರಡು ವಾರ ಶುಕ್ರವಾರದಿಂದ ಭಾನುವಾರದವರೆಗೆ ನಾಟಕವಿದೆ. ಹದಿನಾರಕ್ಕೆ ಬರುತ್ತೇನೆ ಎಂದೆ. ಆಗುವುದಿಲ್ಲ, ಕಾಯುವುದಿಲ್ಲ ಎಂದಳು ಇಂಜಿನಿಯರಮ್ಮ. ಹಾಗಾದರೆ ಬೇಡ ಎಂದೆ.

ಯೋಚಿಸಿಯೇ ಹೇಳಿದ್ದು. ಅವರ ಪ್ಯಾನೆಲ್‌ಗಳನ್ನು ನೋಡಿದ್ದೇನೆ. ವೈರಿಗೆ ನಂಬರ್ ಪಟ್ಟಿ ಸಹ ಕಟ್ಟಿಲ್ಲ. ಅಂಥ ಕಡೆ ದುಡಿಯುವುದು ನನ್ನ ಮರ್ಯಾದೆಗೆ ಕಡಿಮೆ. ಇನ್ನು ಇಲ್ಲಿ ಮ್ಯಾಟನ್ನು ದಿನವೂ ಪರೀಕ್ಷಿಸುವವರು ಯಾರು? ಭಾಮೈದನೇ? ಅವನು ಅದರ ಮೇಲೆ ಕಾಫಿ ಚೆಲ್ಲುತ್ತಾನೆ.

ಇವಳಿಗೆ ಹೇಳಲು ಹೆದರಿಕೆಯಿತ್ತು ಎಂದಲ್ಲ. ಆದರೂ ತರಕಾರಿ ಹೆಚ್ಚಿಕೊಟ್ಟ ಮೇಲೆ ಹೇಳಿದೆ. ಕೆಲಸ ಬೇಡ ಎಂದದ್ದಕ್ಕೆ ಕಾರಣ ಹೇಳುತ್ತ ಹೋದೆ: ನಂಬರ್ ಪಟ್ಟಿ, ಸಂಜೆಯ ಪಾಳಿ, ದೂರ. ಇವಳು ಸೌಟು ಕೆಳಗಿಟ್ಟಳು.

"ಅಮ್ಮ ಮೆಟ್ಟಿಲು ಹತ್ತೋದು ನಾನು ನೋಡಲ್ವೇನ್ರೀ? ನಿಮ್ಮಿಬ್ಬರಲ್ಲಿ ಯಾರು ಮೊದಲು ಹೇಳ್ತೀರ ಅಂತ ಕಾಯ್ತಾ ಇದ್ದೆ."

ಇವಳು ಆಸ್ಪತ್ರೆಯ ದಿನವನ್ನೂ ಗೊತ್ತುಮಾಡಿ ಆಗಿತ್ತು. ಈ ಮನೆಯಲ್ಲಿ ಎಲ್ಲರೂ ನಟರು. ಕೆಲಸದ ವಿಷಯ ಎತ್ತುವ ಬದಲು ನನ್ನ ಕಡೆ ನೋಡಿ ನಕ್ಕಳು. ಕಾರ್ಖಾನೆ ಮುಚ್ಚಿದ ಮೇಲೆ ಇವಳ ಹಲ್ಲು ಕಂಡದ್ದು ಇವತ್ತೇ. ನಗುವಂಥದ್ದು ನಾನೇನೂ ಹೇಳಿರಲಿಲ್ಲ.

ಅಕ್ಟೋಬರ್ ೮, ಭಾನುವಾರ

ಬರೆಯಲು ನಾಚಿಕೆಯಾಗುತ್ತದೆ. ಆದರೆ ಆದದ್ದನ್ನು ಬರೆಯದಿದ್ದರೆ ಪಾಳಿ ಮುಗಿದಂತಲ್ಲ.

ಇವತ್ತು ಅತ್ತೆಯವರ ಕಾಲು ಬಿಡಲೇ ಇಲ್ಲ. ತೊಲೆಯ ಕೆಳಗಿನಿಂದ ಹೇಗೋ ಎಳೆದುಕೊಂಡು ಬಂದರು. ಕಿಟಕಿಗೆ ಇನ್ನೊಂದೇ ಹೆಜ್ಜೆ ಇರುವಾಗ ನಿಂತರು. ಮೊದಲ ದಿನದಷ್ಟು ಹೊತ್ತಾಯಿತು. ಅದರ ಎರಡರಷ್ಟಾಯಿತು. ಮ್ಯಾಟ್ ಅವರ ಬೆರಳ ತುದಿಯಲ್ಲೇ ಇದೆ, ಕಾಲು ಏಳುತ್ತಿಲ್ಲ. ಹಿಡಿದುಕೊಳ್ಳಲು ಅಲ್ಲಿ ಕುರ್ಚಿಯೂ ಇಲ್ಲ, ಮೇಜೂ ಇಲ್ಲ. ಜನ ಕೂತಲ್ಲೇ ಸರಿದಾಡತೊಡಗಿದರು. ಭಾಮೈದ ಏನು ಮಾಡಲೂ ತೋಚದೆ ದೀಪ ಇಳಿಸತೊಡಗಿದ. ಅವರ ಹಣೆಯಲ್ಲಿ ಬೆವರು ಕಂಡಿತು. ಅದು ನಾಟಕದ ಬೆವರಲ್ಲ. ಬೀಳುತ್ತಾರೆ ಅನ್ನಿಸಿತು.

ಕಿಟಕಿಯ ಈಚೆ ನಾನು. ಕೈ ತಾನಾಗಿಯೇ ಹೋಗಿ ಕದಗಳನ್ನು ಹೊರಗಿನಿಂದ ತೆಗೆಯಿತು. ದೀಪ ಮುಖಕ್ಕೆ ಹೊಡೆಯಿತು. ಕೆಲಸದ ಅಂಗಿ, ಜೇಬಲ್ಲಿ ಸ್ಕ್ರೂಡ್ರೈವರ್, ಕಿವಿಯ ಹಿಂದೆ ಪೆನ್ಸಿಲ್. ಇನ್ನೂರು ಜನ ನನ್ನನ್ನು ನೋಡುತ್ತಿದ್ದರು.

ಅತ್ತೆಯವರು ತಲೆ ಎತ್ತಿದರು. "ಯಾರದು?" ಎಂದರು. ಮುದುಕಿಯ ಧ್ವನಿಯಲ್ಲೇ.

"ನಾನೇ, ಅತ್ತೆ. ಬನ್ನಿ."

ಚೌಕಟ್ಟಿನೊಳಗಿಂದ ಕೈ ಚಾಚಿದೆ. ಹಿಡಿದುಕೊಂಡರು. ಅವರ ಭಾರ ಪೂರ್ತಿ ನನ್ನ ಮೊಣಕೈಗೆ ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ಕೈಯನ್ನು ನಾನು ಮುಟ್ಟಿರಲಿಲ್ಲ. ಮರದ ಕಡ್ಡಿಯ ಹಾಗೆ ಹಗುರ, ಹಿಡಿತ ಮಾತ್ರ ಇಕ್ಕಳ.

"ಬಂದೆ" ಎಂದರು. "ಸ್ವಲ್ಪ ತಡ ಆಯ್ತು."

"ಆಗ್ಲಿ. ಅವಸರ ಏನಿಲ್ಲ" ಎಂದೆ.

ಕಾಲು ಮ್ಯಾಟಿನ ಮೇಲೆ ಬಂತು. ಹಿಂದೆ ತೊಲೆ ಬಿತ್ತು. ಅವರು ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ. ದೀಪ ಪೂರ್ತಿ ಆರುವವರೆಗೆ, ಆರಿದ ಮೇಲೂ, ಕೈ ಬಿಡಲಿಲ್ಲ. ಬಿಟ್ಟಿದ್ದರೆ ಬೀಳುತ್ತಿದ್ದರು, ಅದಕ್ಕೆ.

ಅಕ್ಟೋಬರ್ ೯, ಸೋಮವಾರ

ಇನ್ನು ಮುಂದೆ ದಿನವೂ ಹಾಗೇ ಆಗಬೇಕಂತೆ. ಆ ನಾಟಕಕ್ಕೆ ಇಷ್ಟು ದಿನ ಏನು ಕಡಿಮೆಯಿತ್ತು ಎಂದು ಭಾಮೈದನಿಗೆ ಈಗ ಹೊಳೆಯಿತಂತೆ. ತಾಯಿಯ ಕಾಲಿನ ಸಂಗತಿ ಅವನಿಗೂ ತಿಳಿಯಿತು. ಸ್ವಲ್ಪ ಹೊತ್ತು ಗೋಡೆಗೆ ಮುಖ ಮಾಡಿ ನಿಂತಿದ್ದ. ಆಮೇಲೆ ಬಂದು ಈ ಮಾತು.

"ನಾನು ನಟನಲ್ಲ" ಎಂದೆ.

"ಗೊತ್ತು ಭಾವ. ಅದಕ್ಕೇ" ಎಂದ.

ಹೊಗಳಿದನೋ ತೆಗಳಿದನೋ ಈ ಹೊತ್ತಿನವರೆಗೂ ತಿಳಿದಿಲ್ಲ. ಕಿಟಕಿಯ ಕೀಲುಗಳಿಗೆ ಎಣ್ಣೆ ಬಿಟ್ಟೆ. ಕಿರುಗುಟ್ಟುತ್ತಿದ್ದವು.

ಅಕ್ಟೋಬರ್ ೧೪, ಶನಿವಾರ

ನಿನ್ನೆ ಯಾರೋ ಪ್ರೇಕ್ಷಕ, ಕಿಟಕಿಯವನು ಮರದ ಹಾಗೆ ನಿಲ್ಲುತ್ತಾನೆ ಎಂದನಂತೆ. ನಾಟಕದ ಗಂಧಗಾಳಿ ಇಲ್ಲದವನು. ಹೊರಗೆ ಕಾಯುತ್ತ ನಿಂತವನು ಕುಣಿಯುತ್ತಾನೆಯೇ? ಇವತ್ತು ಹೊರಡುವಾಗ ಮೂರು ಅಂಗಿ ಹಾಕಿ ತೆಗೆದೆ. ಕೊನೆಗೆ ಅದೇ ಕೆಲಸದ ಅಂಗಿ. ಇವಳು ಇಸ್ತ್ರಿ ಮಾಡಬೇಕೇ ಎಂದಳು. ಬೇಡ, ಪಾತ್ರ ಕೆಡುತ್ತದೆ ಎಂದೆ.

ಅಕ್ಟೋಬರ್ ೧೮, ಬುಧವಾರ

ಅತ್ತೆಯವರನ್ನು ಆಸ್ಪತ್ರೆಗೆ ಸೇರಿಸಿದೆವು. ನಾಳೆ ಬೆಳಗ್ಗೆ ಆಪರೇಷನ್. ಇವಳು ಕಾಗದಪತ್ರ ನೋಡಿಕೊಂಡಳು, ಭಾಮೈದ ಹಣ್ಣು ತಂದು ತಾನೇ ತಿಂದ. ಮೇಲಿನ ಮಹಡಿಯ ಕೋಣೆಗೆ ಅತ್ತೆಯವರನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಗಾಲಿಕುರ್ಚಿ ತರಿಸಿದರೆ, ಇವತ್ತೊಂದು ದಿನ ಹಳೆಯ ಕಾಲಿನಲ್ಲೇ ಹೋಗುತ್ತೇನೆ ಎಂದರು.

ಆ ಲಿಫ್ಟಿನ ಬಾಗಿಲಿನಷ್ಟು ಅವಿವೇಕದ ಕೆಲಸವನ್ನು ನಾನು ಎಲ್ಲೂ ನೋಡಿಲ್ಲ. ತೆರೆದದ್ದೇ ಮುಚ್ಚಲು ಹೊರಡುತ್ತದೆ. ಕೋಲೂರಿಕೊಂಡು ಬರುವವರು ಹೊಸಿಲಿಗೆ ಬರುವಷ್ಟರಲ್ಲಿ ಎರಡೂ ಕಡೆಯಿಂದ ಹಿಚುಕಲು ಬರುತ್ತದೆ. ಇದೊಂದು ಆಸ್ಪತ್ರೆ, ಇಲ್ಲಿಗೆ ಓಡುವವರು ಬರುತ್ತಾರೆಯೇ? ಲಿಫ್ಟಿನವನನ್ನು ಕರೆದು, ಒಳಗೆ ಒಂದು ಟೈಮರ್ ಇರುತ್ತದೆ, ಅದನ್ನು ಹೆಚ್ಚಿಸಲು ಹೇಳು ಎಂದೆ.

"ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಸಾರ್. ಎಲ್ರೂ ಹತ್ತಿ ಹೋಗ್ತಾರೆ" ಎಂದ.

ಹತ್ತಿ ಹೋಗುವವರು ಯಾಕೆ ದೂರು ಕೊಡುತ್ತಾರೆ? ಹತ್ತಲಾಗದವರು ಮೆಟ್ಟಿಲ ಬುಡದಲ್ಲಿ ಕೂತಿರುತ್ತಾರೆ. ಜೀವನದಲ್ಲಿ ಒಂದು ದಿನವಾದರೂ ಇಂಥವರ ಪಕ್ಕದಲ್ಲಿ ನಡೆಯದವನ ಕೈಗೆ ಟೈಮರಿನ ತಿರುಪು ಕೊಟ್ಟವರು ಯಾರು ಎಂದು ಕೇಳಿದೆ. ಅವನು ನನ್ನನ್ನು ಹುಚ್ಚನ ಹಾಗೆ ನೋಡಿದ. ಇಂಥವರ ಜೊತೆ ಮಾತು ದಂಡ.

ಬೂಟುಗಾಲನ್ನು ಬಾಗಿಲಿಗೆ ಅಡ್ಡ ಕೊಟ್ಟು ನಿಂತೆ. ಒಳಗಿದ್ದವರು ಗಡಿಯಾರ ನೋಡಿಕೊಂಡರು, ಒಬ್ಬ ಗೊಣಗಿದ. ಅತ್ತೆಯವರು ಕಾರಿಡಾರಿನಲ್ಲಿ ಬರುತ್ತಿದ್ದರು, ಒಂದು ಹೆಜ್ಜೆ, ಕೋಲು, ಮತ್ತೊಂದು ಹೆಜ್ಜೆ. ನಡುವೆ ನಿಂತು ಗೋಡೆಯ ಮೇಲಿನ ಚಿತ್ರ ನೋಡಿದರು. ಬಾಗಿಲು ಬಂದು ನನ್ನ ಕಾಲಿಗೆ ಬಡಿಯಿತು, ವಾಪಸ್ ಹೋಯಿತು, ಮತ್ತೆ ಬಂದು ಬಡಿಯಿತು.

ಬಡಿದುಕೊಳ್ಳಲಿ.